ದೀಪದ ತುಪ್ಪ

ಏಪ್ರಿಲ್ ಬಂದು ವಾರ ಕಳೆದಿದ್ದರೂ ರಘುನಂದನನಿಗೆ ಇನ್ನೂ ಮಾರ್ಚ್ ಮೂವತ್ತೊಂದು ಮುಗಿದಿರಲಿಲ್ಲ. ನೋಯ್ಡಾದ ಆಫೀಸಿನಲ್ಲಿ, ಎ.ಸಿ.ಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವ ಮೂಲೆಯಲ್ಲಿ ಕೂತು ಅವನು ಹಾಕುತ್ತಿದ್ದ ಎಂಟ್ರಿಗಳಿಗೆಲ್ಲ ಅದೊಂದೇ ತಾರೀಖು. ಕೆಳಗೆ ರಸ್ತೆಗೆ ಕಬ್ಬಿನ ಹಾಲಿನ ಗಾಡಿಗಳು ಬಂದಾಗಿತ್ತು, ಬಿಸಿಲಿಗೆ ಹೆದರಿ ಜನ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದರು. ಕಂಪ್ಯೂಟರಿನೊಳಗೆ ಮಾತ್ರ ಆ ಒಂದು ದಿನ ಯಾರೂ ಎತ್ತದೆ ಬಿಟ್ಟ ಎಂಜಲೆಲೆಯ ಹಾಗೆ ಬಿದ್ದುಕೊಂಡಿತ್ತು. ವರ್ಷವಿಡೀ ಬಂದದ್ದು ಹೋದದ್ದು ಬರೆದಾಗಿತ್ತು. ಈಗ ಬರೆಯಬೇಕಾದದ್ದು ಇನ್ನೂ ಬಾರದ್ದು ಮತ್ತು ಇನ್ನೂ ಹೋಗದ್ದು. ಮಾರ್ಚಿನಲ್ಲಿ ಉರಿಸಿದ ಕರೆಂಟಿನ ಬಿಲ್ಲು ಕೈಗೆ ಬಂದಿಲ್ಲ, ಆದರೂ ಅದು ಮಾರ್ಚಿನ ಖರ್ಚೇ. ಮುಂಗಡವಾಗಿ ಕಟ್ಟಿದ ಇನ್ಶೂರೆನ್ಸಿನಲ್ಲಿ ಉಳಿದ ತಿಂಗಳುಗಳ ಪಾಲು ಹೊಸ ವರ್ಷಕ್ಕೆ ಸೇರಬೇಕು. ಕಂಪನಿಯ ಹೋಟೆಲುಗಳಲ್ಲಿ ಹಿಟ್ಟು ರುಬ್ಬುವ ಯಂತ್ರಗಳು ಎಷ್ಟು ಸವೆದವೋ ಅಷ್ಟು ಸವಕಳಿ. ಇದೆಲ್ಲಕ್ಕೂ ಅಡ್ಜಸ್ಟ್‌ಮೆಂಟ್ ಎಂಟ್ರಿ ಎಂದು ಹೆಸರು. ಈ ಕೆಲಸದಲ್ಲಿ ಒಂದು ಬಗೆಯ ನೀತಿಯಿದೆ, ಯಾವ ವರ್ಷದ ಪಾಪ ಆ ವರ್ಷದ ತಲೆಗೇ ಬರುತ್ತದೆ ಎಂದು ರಘುನಂದನ ಬಹಳ ಕಾಲ ನಂಬಿದ್ದ, ಹಾಗೆ ನಂಬಿದ್ದರಿಂದಲೇ ಬೇರೆಯವರು ರೇಗುವ ಈ ದಿನಗಳು ಅವನಿಗೆ ಹಿತವಾಗಿದ್ದವು. ಈ ಸಲ ಹಿತವಿರಲಿಲ್ಲ. ಬೆರಳು ಮುಖದ ಹತ್ತಿರ ಹೋದಾಗೆಲ್ಲ ಕಮಟು ತುಪ್ಪದ ವಾಸನೆ ಬರುತ್ತಿತ್ತು.

ವಾಸನೆ ಬೆರಳಲ್ಲಿ ಇಲ್ಲವೆಂದು ಅವನಿಗೆ ಗೊತ್ತಿತ್ತು. ಸೋಪು ಹಾಕಿ ತೊಳೆದಿದ್ದ, ನಿಂಬೆಹಣ್ಣು ತಿಕ್ಕಿದ್ದ, ಯಾರೂ ಇಲ್ಲದಾಗ ಪ್ಯಾಂಟ್ರಿಯ ಕಾಫಿಪುಡಿಯ ಡಬ್ಬಿಯಲ್ಲಿ ಕೈಯಾಡಿಸಿಯೂ ನೋಡಿದ್ದ. ವರ್ಷದ ಕೊನೆಯ ದಿನ ಘಾಜಿಯಾಬಾದಿನ ಗೋಡೌನಿಗೆ ಸ್ಟಾಕ್ ನೋಡಲು ಹೋದಾಗ ಅಂಟಿಕೊಂಡದ್ದು ಅದು. ಕಂಪನಿಯ ದೋಸೆ-ಇಡ್ಲಿಯ ಹೋಟೆಲುಗಳಿಗೆಲ್ಲ ಸಾಮಾನು ಹೋಗುವುದು ಆ ಗೋಡೌನಿನಿಂದಲೇ. ದೀಪಾವಳಿಗೆ ಮುಂಚೆ ಅಗ್ಗಕ್ಕೆ ಸಿಕ್ಕಿತೆಂದು ಯಜಮಾನರಾದ ವಿಠಲರಾಯರು ಒಟ್ಟಿಗೇ ಕೊಂಡು ತುಂಬಿಸಿದ್ದ ತುಪ್ಪದ ಡಬ್ಬಗಳು ಹಿಂದಿನ ಗೋಡೆಗೆ ಒರಗಿದ್ದವು. ಗೋಡೆಯಾಚೆ ಪಕ್ಕದ ಕಾರ್ಖಾನೆಯ ಬಾಯ್ಲರು. ಮುಚ್ಚಳಗಳ ಅಂಚಿನಿಂದ ಜಿಡ್ಡು ಒಸರಿ, ಅದರ ಮೇಲೆ ಧೂಳು ಕೂತು, ಇಲಿ ಓಡಾಡಿ, ಕಪ್ಪು ಮೇಣದಂತಾಗಿತ್ತು. ಹೆಡ್ ಅಡಿಗೆಯ ಗುಂಡಣ್ಣ ಸ್ಕ್ರೂಡ್ರೈವರಿನಿಂದ ಒಂದು ಮುಚ್ಚಳ ಎಬ್ಬಿಸಿ, "ಸಾರ್, ಮುಖ ಹತ್ತಿರ ತರ್ಬೇಡಿ" ಎಂದಿದ್ದ. ತರಬೇಡಿ ಎಂದದ್ದಕ್ಕೇ ರಘುನಂದನ ತಂದ. ಒಳಗೆ ತುಪ್ಪ ಹಸಿರು ತಿರುಗಿದ ಹಳದಿಯಾಗಿ ಕರಗಿ ನಿಂತಿತ್ತು. ಆ ವಾಸನೆ ಅವನಿಗೆ ಹೊಸತಾಗಿರಲಿಲ್ಲ. ಕರೋಲ್ ಬಾಗಿನ ಕಿಟಕಿಯಿಲ್ಲದ ರೂಮಿನಲ್ಲಿ ಸಿ.ಎ. ಇಂಟರ್‌ಗೆ ಓದುತ್ತಿದ್ದಾಗ, ಹಿಂದಿದ್ದ ಯಾರದೋ ತಲೆಯೆಣ್ಣೆ ಕುಡಿದು ಗಟ್ಟಿಯಾದ ದಿಂಬಿಗೆ ಇದೇ ವಾಸನೆಯಿತ್ತು. ಎರಡನೇ ಸಲ ಫೇಲಾದ ದಿನ ಊರಿಗೆ ಫೋನು ಮಾಡಲು ಮುಖವಿಲ್ಲದೆ ಅವನು ಸಂಜೆಯವರೆಗೆ ಆ ದಿಂಬಿನಲ್ಲಿ ಮೂಗು ಹುದುಗಿಸಿ ಮಲಗಿದ್ದ. ಸ್ವಲ್ಪ ಹೊತ್ತಿನಲ್ಲಿ ವಾಸನೆ ತನ್ನದೇ ಅನ್ನಿಸತೊಡಗಿತ್ತು. ಗುಂಡಣ್ಣ ಮುಚ್ಚಳವನ್ನು ಅಂಗೈಯಿಂದ ಗುದ್ದಿ ಮುಚ್ಚಿ, "ಇಷ್ಟೂ ಹೀಗೇ ಇದೆ. ಹಂದಿಗೂ ಹಾಕೋ ಹಾಗಿಲ್ಲ" ಎಂದ. ರಘುನಂದನ ತನ್ನ ಹಾಳೆಯಲ್ಲಿ ಆ ಸಾಲಿನ ಎದುರು ಕೆಟ್ಟಿದೆ ಎಂದು ಗುರುತು ಹಾಕಿಕೊಂಡ.

ಹಾಗೆ ಗುರುತು ಹಾಕಿದ ಮೇಲೆ ಉಳಿದದ್ದು ಸರಳ ಕೆಲಸ. ಕೆಟ್ಟ ಮಾಲಿನ ಬೆಲೆಯನ್ನು ಸ್ಟಾಕಿನಿಂದ ಕಳೆದು ನಷ್ಟಕ್ಕೆ ಹಾಕಬೇಕು. ಒಂದು ಡೆಬಿಟ್, ಒಂದು ಕ್ರೆಡಿಟ್, ಕೆಳಗೆ ಒಂದು ಸಾಲಿನ ವಿವರಣೆ. ರಾಯರ ಕ್ಯಾಬಿನ್ನಿನಲ್ಲಿ ಮೀಟಿಂಗ್ ನಡೆದಾಗ ಅಕ್ಷಯ್ ಹೇಳಿದ್ದೂ ಅದನ್ನೇ. ಅಕ್ಷಯ್ ಹೋದ ವರ್ಷವಷ್ಟೇ ಸೇರಿದ ಹುಡುಗ, ಮೊದಲ ಏಟಿಗೇ ಸಿ.ಎ. ಮುಗಿಸಿದವನು, ದೆಹಲಿಯಲ್ಲೇ ಹುಟ್ಟಿ ಬೆಳೆದವನು. ಅವನಿಗೆ ಗಾಜಿನ ಕ್ಯಾಬಿನ್ನಿತ್ತು.

"ಅಂಕಲ್, ಇದು ಸೀದಾ ರೈಟ್ ಆಫ್. ತಿನ್ನೋಕಾಗಲ್ಲ, ಬೇಚೋಕಾಗಲ್ಲ. ಮತ್ಲಬ್, ಪೂರಾ ಲಾಸ್."

"ಎಂತ ಮಾರಾಯ, ಬ್ಯಾಂಕಿನವರು ಸಾಲದ ಲಿಮಿಟ್ ರಿನ್ಯೂ ಮಾಡ್ಲಿಕ್ಕೆ ಕೂತಿದ್ದಾರೆ," ಎಂದರು ವಿಠಲರಾಯರು. ಕುಂದಾಪುರದ ಕಡೆಯ ರಾಯರು ದೆಹಲಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಮಾತು ಮಾತ್ರ ಅಲ್ಲಿಯದೇ. "ಇಷ್ಟು ದೊಡ್ಡ ನಷ್ಟ ಅವರ ಕಣ್ಣಿಗೆ ಬಿದ್ರೆ ಮತ್ತೆ ಲಿಮಿಟ್ ಆಸೆ ಬಿಡ್ಬೇಕು."

ಅಕ್ಷಯ್ ಪೆನ್ನು ತಿರುಗಿಸತೊಡಗಿದ. ಆಗ ರಘುನಂದನನಿಗೆ ಏನಾಯಿತೆಂದರೆ, ಬಹಳ ದಿನಗಳಿಂದ ತನಗಾಗಿ ಯಾರೂ ಬಿಟ್ಟಿರದ ಜಾಗವೊಂದು ಆ ಮೇಜಿನ ಮುಂದೆ ತೆರೆದಂತೆ ಕಂಡಿತು. ಯಾರೂ ಅವನನ್ನು ಕೇಳಿರಲಿಲ್ಲ. ಅವನನ್ನು ಕರೆದಿದ್ದುದೇ ಹಾಳೆ ತೋರಿಸುವುದಕ್ಕೆ. ಆದರೂ ಬಾಯಿ ತೆರೆಯಿತು.

"ದೀಪಕ್ಕೆ ಆಗುತ್ತಲ್ಲ ಸರ್."

"ಬಿಡಿಸಿ ಹೇಳಿ," ಎಂದರು ರಾಯರು.

"ಅಡಿಗೆ ಸಾಮಾನಿನ ಸ್ಟಾಕಿನಿಂದ ತೆಗೆದು ಪೂಜಾ ಸಾಮಾನು ಅಂತ ಬೇರೆ ಹೆಡ್ಡಿಗೆ ಹಾಕೋಣ. ಬೆಲೆ ಅದೇ ಇರಲಿ. ಆಗ ಮಾರ್ಚಿನಲ್ಲಿ ನಷ್ಟ ಅನ್ನೋದೇ ಕಾಣಲ್ಲ. ಏಪ್ರಿಲ್ ಲೆಕ್ಕದಲ್ಲಿ ನಮ್ಮ ಭಜನಾ ಮಂಡಳಿಯ ರಾಮೋತ್ಸವಕ್ಕೆ ದೇಣಿಗೆ ಕೊಟ್ಟುಬಿಟ್ರೆ ಗೋಡೌನೂ ಖಾಲಿ ಆಯ್ತು, ಹೆಸರೂ ಬಂತು."

"ದೀಪದ ತುಪ್ಪಕ್ಕೆ ತಿನ್ನೋ ತುಪ್ಪದ ರೇಟ್ ಕೌನ್ ದೇಗಾ, ರಘು ಜೀ?" ಎಂದ ಅಕ್ಷಯ್.

ರಾಯರು ಅವನ ಕಡೆ ನೋಡಲಿಲ್ಲ. "ದೇವರಿಗೆ ಕೊಡುವುದಕ್ಕೂ ಬೆಲೆ ಕಟ್ತಾರೆ ಅಂತ ನಾನು ಕೇಳಿರ್ಲಿಲ್ಲಪ್ಪ," ಎಂದರು. ಆಮೇಲೆ ರಘುನಂದನನ ಕಡೆ ತಿರುಗಿ, "ತಲೆ ಅಂದ್ರೆ ಇದು. ಫೈನಾನ್ಸ್ ಮ್ಯಾನೇಜರ್ ಸೀಟು ಖಾಲಿ ಇಟ್ಕೊಂಡು ನಾವು ಯಾರಿಗೆ ಕಾಯ್ತಾ ಇದ್ದೇವೆ ಅಂತ ನಂಗೇ ಗೊತ್ತಿಲ್ಲ" ಎಂದರು. ಅಕ್ಷಯನ ಕಿವಿ ಕೆಂಪಾದದ್ದನ್ನು ನೋಡಿ ರಘುನಂದನನಿಗೆ ಹೊಟ್ಟೆಯೊಳಗೆ ತಣ್ಣಗಾಯಿತು. ಅದು ಎಂಥ ಖುಷಿಯೆಂದರೆ, ಮೆಟ್ರೋದಲ್ಲಿ ಮನೆಗೆ ಹೋಗುವಾಗ ಕಂಬ ಹಿಡಿದುಕೊಂಡು ಒಬ್ಬನೇ ನಕ್ಕಿದ್ದ, ಎದುರಿಗಿದ್ದ ಹೆಂಗಸು ಮುಖ ತಿರುಗಿಸಿಕೊಂಡಿದ್ದಳು. ಈಗ ಆ ನಗು ನೆನಪಾದರೆ ನಾಚಿಕೆಯಾಗುತ್ತಿತ್ತು. ಬಲವಂತಕ್ಕೆ ಮಾಡಿದ್ದರೆ ಬೈಯಲು ಒಬ್ಬರಾದರೂ ಇರುತ್ತಿದ್ದರು. ಇಲ್ಲಿ ಯಾರೂ ಇರಲಿಲ್ಲ. ಹುಡುಗನೊಬ್ಬನ ಎದುರು ಬುದ್ಧಿವಂತನೆನಿಸಿಕೊಳ್ಳಬೇಕೆಂಬ ಚಪಲ, ಅಷ್ಟೇ.

ಎಂಟ್ರಿ ಅವತ್ತೇ ಬಿತ್ತು. ಪೂಜಾ ಸಾಮಗ್ರಿ ದಾಸ್ತಾನಿಗೆ ಡೆಬಿಟ್, ಕಚ್ಚಾ ಸಾಮಗ್ರಿ ದಾಸ್ತಾನಿಗೆ ಕ್ರೆಡಿಟ್, ಮಾರ್ಚ್ ಮೂವತ್ತೊಂದು. ಕೆಳಗೆ ಕಾರಣ ಬರೆಯುವ ಸಾಲಿನಲ್ಲಿ ಬಹಳ ಹೊತ್ತು ಕರ್ಸರ್ ಮಿಣುಕುತ್ತಿತ್ತು. ಬಳಕೆಯ ಉದ್ದೇಶ ಬದಲಾದ ಕಾರಣ ವರ್ಗಾಯಿಸಲಾಗಿದೆ ಎಂದು ಕೊನೆಗೆ ಬರೆದ. ಅದನ್ನು ಓದಿದರೆ ತುಪ್ಪವೇ ಮನಸ್ಸು ಬದಲಾಯಿಸಿ ಭಕ್ತಿಮಾರ್ಗ ಹಿಡಿದಂತೆ ತೋರುತ್ತಿತ್ತು. ನಿಜವಾಗಿ ಹೊಲಸು ಕೆಲಸ ಆದದ್ದು ಮಾತ್ರ ಇದಾದ ಮೇಲೆ, ಡಬ್ಬಗಳ ಜೊತೆ ಕಳಿಸುವ ಚಲನ್ ಬರೆಯುವಾಗ. ಶುದ್ಧ ತುಪ್ಪ, ದೀಪಕ್ಕೆ ಎಂದು ಮೊದಲು ಟೈಪು ಮಾಡಿದ. ಆಮೇಲೆ ಅಕ್ಷಯನ ಪ್ರಶ್ನೆ ನೆನಪಿಗೆ ಬಂತು. ದೀಪಕ್ಕೆ ಎಂದು ಕಾಗದದಲ್ಲಿ ಇದ್ದರೆ ನಾಳೆ ಆಡಿಟಿನವರೂ ಅದನ್ನೇ ಕೇಳುತ್ತಾರೆ, ದೀಪದ ತುಪ್ಪಕ್ಕೆ ಈ ಬೆಲೆಯೇ ಎಂದು. ಆ ಒಂದು ಶಬ್ದವನ್ನು ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಅಳಿಸಿದ. ಶುದ್ಧ ತುಪ್ಪ ಎಂಬುದಷ್ಟೇ ಉಳಿಯಿತು. ಕೆಟ್ಟದ್ದೆಂದು ಯಾರಿಗೂ ಬಾಯಿಬಿಟ್ಟು ಹೇಳಬೇಕೆಂದು ಅವನಿಗೆ ಆಗ ಹೊಳೆಯಲೇ ಇಲ್ಲ. ಮುಚ್ಚಳ ತೆಗೆದವರಿಗೆ ಮೂಗು ಇರುತ್ತದಲ್ಲ ಎಂದುಕೊಂಡಿದ್ದ. ಸಹಿ ಹಾಕಿ ಕಳಿಸಿ ಊಟಕ್ಕೆ ಹೋದ.

ಶನಿವಾರ ಸಂಜೆ ಮನೆಗೆ ಬಂದಾಗ ಜಲಜಾ ಬಾಗಿಲಲ್ಲೇ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. "ಸ್ವಲ್ಪ ನೋಡಿ, ಒಡೆದಿದೆಯೋ ಏನೋ." ಕೊರೋನಾದ ಎರಡನೇ ಅಲೆಯಲ್ಲಿ ಹೋದ ವಾಸನೆ ಅವಳಿಗೆ ಮರಳಿ ಬಂದಿರಲಿಲ್ಲ. ರುಚಿಯೂ ಅಷ್ಟಕ್ಕಷ್ಟೆ, ಉಪ್ಪು, ಸಿಹಿ, ಖಾರ ಇಷ್ಟು ತಿಳಿಯುತ್ತಿತ್ತು, ಉಳಿದದ್ದೆಲ್ಲ ನೆನಪಿನಿಂದ ಅಡಿಗೆ. ಒಮ್ಮೆ ಗ್ಯಾಸ್ ಸೋರುತ್ತಿದ್ದಾಗ ಅದರ ಪಕ್ಕದಲ್ಲೇ ಕೂತು ಬೀನ್ಸ್ ಬಿಡಿಸುತ್ತಿದ್ದಳು, ಪಕ್ಕದ ಫ್ಲಾಟಿನ ಪಂಜಾಬಿ ಹೆಂಗಸು ಓಡಿಬಂದು ಬಾಗಿಲು ಬಡಿದಿದ್ದಳು. ಅಂದಿನಿಂದ ಮನೆಗೆಲ್ಲ ಒಂದೇ ಮೂಗು, ಅದು ರಘುನಂದನನದು. ಹಾಲು, ಮೊಸರು, ನಿನ್ನೆಯ ಹುಳಿ, ಮಳೆಗಾಲದಲ್ಲಿ ಒಣಗದ ಬಟ್ಟೆ, ಹೊರಡುವ ಮುಂಚೆ ತನ್ನ ಕುಪ್ಪಸದ ಕಂಕುಳು ಕೂಡ ಅವಳು ನಾಚಿಕೆಯಿಲ್ಲದೆ ಅವನ ಮುಂದೆ ಹಿಡಿಯುತ್ತಿದ್ದಳು. ಮದುವೆಯಾದ ಮೇಲೆ ಅವಳು ಅವನನ್ನು ಇಷ್ಟು ನಂಬಿದ್ದು ಬೇರೆ ಯಾವುದಕ್ಕೂ ಅಲ್ಲ. ಸಂಬಳಕ್ಕಲ್ಲ, ಮಾತಿಗಲ್ಲ, ಅವೆರಡರ ಬಗ್ಗೆ ಅವಳಿಗೆ ತನ್ನದೇ ಅಭಿಪ್ರಾಯವಿತ್ತು. ಅವನು ಮೂಸಿ ಸರಿಯಿದೆ ಎಂದರೆ ಮರುಮಾತಿಲ್ಲದೆ ಒಲೆಯ ಮೇಲಿಡುತ್ತಿದ್ದಳು.

"ಸರಿಯಾಗಿದೆ," ಎಂದು ಅವನು ಪಾತ್ರೆ ವಾಪಸು ಕೊಟ್ಟ.

"ನಿಮ್ಮ ರಾಯರು ತುಪ್ಪ ಕಳಿಸಿದ್ದಾರಂತೆ, ರಾಶಿ," ಎಂದಳು ಅವಳು ಒಳಗಿನಿಂದ. "ಮಂಡಳಿಯ ಸುಶೀಲಮ್ಮ ಫೋನು ಮಾಡಿದ್ರು. ನಾಳೆ ರಾಮೋತ್ಸವದ ಸಂತರ್ಪಣೆಗೆ ಹಯಗ್ರೀವ ಮಾಡೋದು ಅಂತಾಯ್ತು. ಸಿಹಿ ನನ್ನ ಜವಾಬ್ದಾರಿ."

ರಘುನಂದನ ಬೂಟು ಬಿಚ್ಚುತ್ತಿದ್ದವನು ಲೇಸು ಹಿಡಿದುಕೊಂಡೇ ಕೂತ. "ಅದು ದೀಪಕ್ಕೆ ಕಳಿಸಿದ್ದಿರ್ಬೇಕು."

"ಅಷ್ಟು ತುಪ್ಪ ದೀಪಕ್ಕಾ? ನಮ್ಮಲ್ಲಿ ದೀಪಕ್ಕೆ ಎಳ್ಳೆಣ್ಣೆ ಅಲ್ವಾ. ಹೋಟೆಲಿನವರು ತುಪ್ಪ ಕೊಟ್ರೆ ನೈವೇದ್ಯಕ್ಕೇ ಕೊಟ್ಟಿರ್ತಾರೆ. ಚಲನ್ನಿನಲ್ಲಿ ಶುದ್ಧ ತುಪ್ಪ ಅಂತಿದೆಯಂತೆ, ನಿಮ್ಮದೇ ಸಹಿ."

ಅವಳು ನಗುತ್ತಿದ್ದಳು. ಗಂಡನ ಸಹಿಯಿದ್ದ ಕಾಗದದ ಮಾತನ್ನು ನಾಲ್ಕು ಹೆಂಗಸರು ಆಡಿದ್ದು ಅವಳಿಗೆ ಹೆಮ್ಮೆಯಾಗಿತ್ತು. ಈಗ ಹೇಳಬೇಕು ಎಂದುಕೊಂಡ. ಹೇಳುವುದೇನು ಕಷ್ಟ, ಕೆಟ್ಟ ತುಪ್ಪ, ಲೆಕ್ಕಕ್ಕೋಸ್ಕರ ಹಾಗೆ ಮಾಡಿದೆವು, ಸುಶೀಲಮ್ಮನಿಗೆ ಫೋನು ಮಾಡು. ಆದರೆ ಅವಳು ಸುಶೀಲಮ್ಮನಿಗೆ ಹೇಳಿದರೆ ಅದು ರಾಯರ ಹೆಂಡತಿಗೆ ಮುಟ್ಟುತ್ತದೆ. ದೇವರಿಗೆ ಕೊಳೆತದ್ದು ಕೊಟ್ಟ ಎಂಬ ಮಾತು ಮಂಡಳಿಯಲ್ಲಿ ಎದ್ದರೆ ರಾಯರು ಸಹಿ ಯಾರದು ನೋಡಿ ಎನ್ನುತ್ತಾರೆ. ಲೇಸು ಗಂಟಾಗಿತ್ತು, ಉಗುರಿನಿಂದ ಬಿಡಿಸುತ್ತ ಕೂತ. ಸ್ನಾನ ಮಾಡಿ ಹೇಳುತ್ತೇನೆ ಎಂದುಕೊಂಡ, ಊಟವಾದ ಮೇಲೆ, ಮಗಳು ಪುಣೆಯ ಹಾಸ್ಟೆಲಿನಿಂದ ಫೋನು ಮಾಡಿ ಇಟ್ಟ ಮೇಲೆ. ಜಲಜಾ ಕಡಲೆಬೇಳೆ ಎಷ್ಟು ಹೊತ್ತು ಬೇಯಬೇಕು, ಬೆಲ್ಲ ಯಾವಾಗ ಹಾಕಬೇಕು ಎಂದು ತನ್ನಷ್ಟಕ್ಕೆ ಗೊಣಗುತ್ತ ನಾಳೆ ಉಡುವ ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು. ವಾಸನೆ ಹೋದ ಮೇಲೆ ನಾಲ್ಕು ಜನಕ್ಕೆ ಅಡಿಗೆ ಮಾಡುವ ಕೆಲಸವನ್ನು ಅವಳು ಒಪ್ಪಿಕೊಂಡದ್ದು ಇದೇ ಮೊದಲು. ಅದೂ ಅವನಿಗೆ ತಿಳಿದಿತ್ತು. ಅಲ್ಲಿ ಯಾರಾದರೂ ನೋಡಿಯೇ ನೋಡುತ್ತಾರೆ, ಅಷ್ಟು ಹೆಂಗಸರಿದ್ದಾರೆ ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಭಾನುವಾರ ಲೋಧಿ ಕಾಲೋನಿಯ ಹಾಲ್‌ನಲ್ಲಿ ಮಂಡಳಿಯ ಭಜನೆ ಮುಗಿಯುತ್ತ ಬಂದಿತ್ತು. ಬೇವಿನ ಮರಗಳ ನೆರಳಿನಲ್ಲಿ ಕಾರುಗಳು, ಬಾಗಿಲಲ್ಲಿ ಚಪ್ಪಲಿಯ ಗುಡ್ಡೆ, ಐಎನ್‌ಎ ಮಾರ್ಕೆಟ್ಟಿನಿಂದ ತಂದ ಬಾಳೆಲೆಗಳನ್ನು ಒರೆಸುತ್ತ ಕೂತ ರಿಟೈರ್ಡ್ ಅಧಿಕಾರಿಗಳು. ರಘುನಂದನ ಕಣ್ಣು ಮುಚ್ಚಿ ಚಪ್ಪಾಳೆ ತಟ್ಟುತ್ತಿದ್ದ. ತಟ್ಟುತ್ತಲೇ ಹಿಂದಿನ ಅಡಿಗೆಮನೆಯಿಂದ ಬರುತ್ತಿದ್ದ ಗಾಳಿಯನ್ನು ಮೂಗು ಹುಡುಕುತ್ತಿತ್ತು. ಸಾರಿನ ಒಗ್ಗರಣೆ, ಮಾವಿನಕಾಯಿ, ಎಳ್ಳೆಣ್ಣೆಯ ಬತ್ತಿ, ಪಕ್ಕದವನ ಬೆವರು. ಕಮಟಿರಲಿಲ್ಲ. ಬಹುಶಃ ಯಾರೋ ನೋಡಿ ಎಸೆದಿರಬೇಕು ಎಂದು ಎದೆ ಹಗುರಾಗುವಷ್ಟರಲ್ಲಿ ಜಲಜಾ ಬಾಗಿಲಲ್ಲಿ ಕಂಡು ಕೈಸನ್ನೆ ಮಾಡಿದಳು.

ಅಡಿಗೆಮನೆಯಲ್ಲಿ ದೊಡ್ಡ ಬಾಣಲೆಯ ಮುಂದೆ ಗುಂಡಣ್ಣ ಸೌಟು ಹಿಡಿದು ನಿಂತಿದ್ದ. ದೊಡ್ಡ ಅಡಿಗೆಗೆಂದು ರಾಯರೇ ಅವನನ್ನು ಕಳಿಸಿದ್ದರು. ಬೇಳೆ ಬೆಲ್ಲ ಕೂಡಿಕೊಂಡು ಕೊತಗುಟ್ಟುತ್ತಿತ್ತು. ಆಗಷ್ಟೇ ತೆರೆದ ಡಬ್ಬದ ಪಕ್ಕದಲ್ಲಿ ಸುಶೀಲಮ್ಮ ಸೆರಗಿನಿಂದ ಮೂಗು ಒತ್ತಿಕೊಂಡಿದ್ದರು. ಮಂಡಳಿಯಲ್ಲಿ ಎಲ್ಲರಿಗಿಂತ ಹಿರಿಯರು ಅವರು, ಅವರ ಮಾತಿಗೆ ಬೆಲೆಯಿತ್ತು.

"ಏನೋ ಒಂಥರಾ ಇದೆ ರಘುನಂದನ್. ನನಗೂ ನೆಗಡಿ, ಸರಿಯಾಗಿ ತಿಳೀತಿಲ್ಲ. ಗುಂಡಣ್ಣನ್ನ ಕೇಳಿದ್ರೆ ಯಜಮಾನರನ್ನೇ ಕೇಳಿ ಅಂತಾನೆ."

"ಇವರು ನೋಡ್ತಾರೆ ಬಿಡಿ," ಎಂದಳು ಜಲಜಾ. "ಮನೇಲೂ ಇವರೇ ನೋಡೋದು." ಸೌಟಿನ ತುದಿಯಲ್ಲಿ ತುಪ್ಪ ತೆಗೆದು, ಕೆಳಗೆ ಎಡಗೈ ಒಡ್ಡಿಕೊಂಡು, ಮಗುವಿಗೆ ಔಷಧ ಕೊಡುವ ಹಾಗೆ ಅವನ ಮುಖದ ಬಳಿ ತಂದಳು. ಅವಳ ಹಣೆಯ ಬೆವರಿಗೆ ಕುಂಕುಮ ಕರಗಿತ್ತು.

ಅದೇ ಹೊತ್ತಿಗೆ ವಿಠಲರಾಯರು ಪಂಚೆ ಎತ್ತಿಕೊಂಡು ಒಳಗೆ ಬಂದರು. "ಎಂತಾಯ್ತು? ತುಪ್ಪ ಸಾಕಾಗುದಿಲ್ವಾ? ಇನ್ನೂ ಕಳಿಸುವ." ಸುಶೀಲಮ್ಮ ಸೆರಗನ್ನು ಮೂಗಿನಿಂದ ಇಳಿಸಿ, ಏನಿಲ್ಲ ರಾಯರೇ, ಊರ ಕಡೆಯ ತುಪ್ಪ ಅಂದ್ರೆ ವಾಸನೆ ಸ್ವಲ್ಪ ಗಟ್ಟಿ ಅಲ್ವಾ ಎಂದರು. ಗುಂಡಣ್ಣ ಬಾಣಲೆಯ ತಳ ಕೆರೆಯತೊಡಗಿದ. ರಾಯರು ಡಬ್ಬದ ಕಡೆ ನೋಡಿದರು, ಆಮೇಲೆ ರಘುನಂದನನ ಕಡೆ ನೋಡಿದರು. ಆ ನೋಟದಲ್ಲಿ ಡಬ್ಬದ ಗುರುತು ಸಿಕ್ಕಿತ್ತೋ ಇಲ್ಲವೋ ಅವನಿಗೆ ಎಂದೆಂದಿಗೂ ಗೊತ್ತಾಗಲಿಲ್ಲ. ಸೌಟು ಇನ್ನೂ ಮುಖದ ಮುಂದೆಯೇ ಇತ್ತು. ಅವನು ಮೂಸಿದ. ಕರೋಲ್ ಬಾಗಿನ ದಿಂಬು, ಇಲಿಯ ಹಿಕ್ಕೆ, ಬಾಯ್ಲರಿನ ಗೋಡೆ, ಎಲ್ಲ ಒಟ್ಟಿಗೆ ನುಗ್ಗಿದವು. ಬಾಯಿಗೆ ಬಂದ ಉಗುಳನ್ನು ನುಂಗಿಕೊಂಡ. ಬೇಡ ಅಂದರೆ ಮುಗಿಯಿತು. ಬೆಲ್ಲ ಬೇಳೆಗೆ ತೆಂಗಿನಕಾಯಿ ಹಾಕಿ ಇಳಿಸಬಹುದು, ಯಾರೂ ಉಪವಾಸ ಬೀಳುವುದಿಲ್ಲ. ಒಂದೇ ಒಂದು ಮಾತು, ಅದೂ ಹೆಂಡತಿಗೆ ಹೇಳುವ ಮಾತು. ಆದರೆ ಹೇಳಿದ ಕ್ಷಣಕ್ಕೆ ಚಲನ್ ಬರೆದವನು ಯಾರು ಎಂದಾಗುತ್ತದೆ, ಗೋಡೌನಿಗೆ ಹೋಗಿದ್ದವನು ಯಾರು ಎಂದಾಗುತ್ತದೆ, ಅಕ್ಷಯ್ ಮೊದಲೇ ಹೇಳಿದ್ದ ಎಂದಾಗುತ್ತದೆ. ಕಾಯಿಸಿದ ತುಪ್ಪ ತಿಂದು ಯಾರೂ ಸಾಯುವುದಿಲ್ಲ. ಜಲಜಾ ಹುಬ್ಬೆತ್ತಿ ಕಾಯುತ್ತಿದ್ದಳು, ಅವಳ ಮುಖದಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಅದೇ ಅವನಿಗೆ ಸಹಿಸಲಾಗದೆ ಹೋಯಿತು.

"ಸರಿಯಾಗಿದೆ," ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಚೆನ್ನಾಗೇ ಇದೆ. ಹಾಕು."

ಅವಳು ಡಬ್ಬವನ್ನು ಬಗ್ಗಿಸಿದಳು. ಕಾದ ಬೆಲ್ಲಕ್ಕೆ ತುಪ್ಪ ಬಿದ್ದು ಎದ್ದ ಹಬೆಗೆ ಸುಶೀಲಮ್ಮ ಕೆಮ್ಮುತ್ತ ಹೊರಗೆ ಹೋದರು. ಗುಂಡಣ್ಣ ಯಾರ ಮುಖವನ್ನೂ ನೋಡದೆ ಲವಂಗದ ಪೊಟ್ಟಣ ಪೂರ್ತಿ ಸುರಿದು, ಪಚ್ಚಕರ್ಪೂರವನ್ನು ಹಿಡಿಹಿಡಿಯಾಗಿ ಪುಡಿಮಾಡಿ ಹಾಕಿದ. ಜಲಜಾ ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು, "ಸಿಹಿ ಸರಿಯಾಗಿದೆ" ಎಂದಳು.

ಮೊದಲ ಪಂಕ್ತಿಯಲ್ಲಿ ರಾಯರು ರಘುನಂದನನನ್ನು ಕೈಹಿಡಿದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಅವರ ಇನ್ನೊಂದು ಪಕ್ಕದಲ್ಲಿ ಬ್ಯಾಂಕಿನ ಮ್ಯಾನೇಜರ್ ಮಹಂತೇಶ್, ಧಾರವಾಡದ ಕಡೆಯವರು, ಲಿಮಿಟಿನ ಕಾಗದ ಅವರ ಮೇಜಿನ ಮೇಲಿತ್ತು. ಹಯಗ್ರೀವ ಬಂದಾಗ ರಾಯರು ಎಲೆಗೆ ಕೈ ಅಡ್ಡ ಹಿಡಿದು, ಶುಗರ್ ಮಾರಾಯ್ರೆ, ಕಣ್ಣಿನಲ್ಲೇ ತಿಂದೆ ಎಂದರು. ಬಡಿಸುತ್ತಿದ್ದವಳು ಜಲಜಾ. ಗಂಡನ ಎಲೆಗೆ ಉಳಿದವರಿಗಿಂತ ಒಂದು ಚಮಚ ಹೆಚ್ಚೇ ಹಾಕಿ ಮುಂದೆ ಹೋದಳು. ಕರ್ಪೂರದ ಕೆಳಗಿನಿಂದ ಅದು ನಿಧಾನಕ್ಕೆ ಮೇಲೆ ಬರುತ್ತಿತ್ತು. ಸಾಲಿನಲ್ಲಿ ಕೈಗಳು ಒಂದು ಗಳಿಗೆ ತಡೆದದ್ದನ್ನು, ಒಬ್ಬರು ಇನ್ನೊಬ್ಬರ ಎಲೆಯ ಕಡೆ ಓರೆಗಣ್ಣಿನಲ್ಲಿ ನೋಡಿದ್ದನ್ನು, ಆಮೇಲೆ ಸಾರಿಗೆ ಅನ್ನ ಕೇಳಿದ್ದನ್ನು ರಘುನಂದನ ನೋಡಿದ. ಎಷ್ಟು ಮರ್ಯಾದಸ್ಥ ಜನ ಎನ್ನಿಸಿ ಅವರೆಲ್ಲರ ಮೇಲೂ ಅವನಿಗೆ ಅಸಹ್ಯ ಹುಟ್ಟಿತು. ಒಬ್ಬರಾದರೂ ಥೂ ಎಂದಿದ್ದರೆ ಎದ್ದು ಅವರ ಕಾಲಿಗೆ ಬೀಳುತ್ತಿದ್ದ. ಯಾರೂ ಅನ್ನಲಿಲ್ಲ. ಯಜಮಾನರ ದೇಣಿಗೆ, ರಾಮದೇವರ ಪ್ರಸಾದ. ಅವನು ಬೆರಳಿನಿಂದ ಹಯಗ್ರೀವವನ್ನು ಎಲೆಯ ಮೂಲೆಗೆ ತಳ್ಳಿ, ಮೇಲೆ ಕೋಸಂಬರಿಯ ಉಳಿಕೆ ಎಳೆದು, ಮಜ್ಜಿಗೆ ಕುಡಿದು ಎಲೆ ಮಡಿಚಿದ.

ಎಲೆ ಎತ್ತುವ ಸೇವೆಯನ್ನೂ ಜಲಜಾ ತಾನೇ ಕೇಳಿ ತೆಗೆದುಕೊಂಡಿದ್ದಳು. ಕೈತೊಳೆದು ಬಂದ ರಘುನಂದನ ಕಂಬದ ಬಳಿ ನಿಂತು ನೋಡುತ್ತಿದ್ದ. ಪ್ಲಾಸ್ಟಿಕ್ ಟಬ್ಬು ಎಳೆದುಕೊಂಡು ಅವಳು ಸಾಲಿನ ತುದಿಯಿಂದ ಬಂದಳು. ಮೊದಲ ಎಲೆ ಎತ್ತಿದಾಗ ಮಡಿಕೆಯಿಂದ ಹಯಗ್ರೀವ ಜಾರಿ ನೆಲಕ್ಕೆ ಬಿತ್ತು, ಪ್ರಸಾದ ಚೆಲ್ಲಿತಲ್ಲ ಎಂದು ಬಗ್ಗಿ ಬಳಿದುಕೊಂಡಳು. ಎರಡನೆಯದರಲ್ಲೂ ಬಿತ್ತು. ಮೂರನೆಯದನ್ನು ಎತ್ತದೆ ಮೊದಲು ಬಿಡಿಸಿ ನೋಡಿದಳು. ಆಮೇಲೆ ಒಂದೊಂದನ್ನೂ ಬಿಡಿಸಿಯೇ ಎತ್ತಿದಳು. ಎಲ್ಲ ಎಲೆಗಳೂ ನೀಟಾಗಿ ಮಡಿಚಿದ್ದವು, ಎಲ್ಲದರ ಹೊಟ್ಟೆಯಲ್ಲೂ ಅದೇ ಕಂದು ಮುದ್ದೆ ಇತ್ತು. ರಾಯರ ಎಲೆ ದಾಟಿ ರಘುನಂದನ ಕೂತಿದ್ದ ಜಾಗಕ್ಕೆ ಬಂದಾಗ ಅವಳ ಕೈ ನಿಂತಿತು. ಬೇಡ ಎಂದು ಅವನು ಮನಸ್ಸಿನಲ್ಲೇ ಹೇಳುತ್ತಿದ್ದ, ಅದೊಂದನ್ನು ಹಾಗೇ ಎತ್ತು. ಅವಳು ಬಿಡಿಸಿದಳು. ಕೋಸಂಬರಿಯನ್ನು ಬೆರಳಿನಿಂದ ಸರಿಸಿದಳು. ಒಂದು ಚಮಚ ಹೆಚ್ಚು ಹಾಕಿದ್ದರಿಂದ ಅವನದೇ ಎಲ್ಲರಿಗಿಂತ ದೊಡ್ಡದಾಗಿತ್ತು. ತಲೆಯೆತ್ತಿ ಕಂಬದ ಕಡೆ ನೋಡಿ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಅಂದಳು.

"ನೀವೂ ಬಿಟ್ಟಿದ್ದೀರಿ."

"ಹೊಟ್ಟೆ ತುಂಬಿತ್ತು," ಎಂದ ಅವನು. ಅವಳು ಎಲೆಯನ್ನು ಇದ್ದ ಹಾಗೆಯೇ ಮಡಿಚಿ ಟಬ್ಬಿಗೆ ಹಾಕಿದಳು.

ಬಡಿಸಿದವರ ಪಂಕ್ತಿ ಕೊನೆಗೆ ಕೂತಿತು. ಸುಶೀಲಮ್ಮ ಹೊಟ್ಟೆ ಸರಿಯಿಲ್ಲವೆಂದು ಬರೀ ಮಜ್ಜಿಗೆಯನ್ನ ಕೇಳಿದರು. ಉಳಿದ ಹೆಂಗಸರು ಸಿಹಿ ಬೇಡವೆಂದರು. ಹಯಗ್ರೀವದ ಪಾತ್ರೆ ಹಿಡಿದ ಗುಂಡಣ್ಣ ಜಲಜಾಳ ಎಲೆಯನ್ನು ದಾಟಿ ಹೋಗಲು ನೋಡಿದ.

"ಹಾಕಿ ಗುಂಡಣ್ಣ," ಎಂದಳು ಅವಳು.

"ಬೇಡ ಅಕ್ಕ. ಆರಿಹೋಗಿದೆ."

"ಹಾಕಿ. ಚೆನ್ನಾಗಿದೆ ಅಂತ ಇವರು ಹೇಳಿದಾರಲ್ಲ."

ಅವನು ಚಮಚದ ತುದಿಯಲ್ಲಿ ಹಾಕಿದ. ಇನ್ನೂ ಸ್ವಲ್ಪ ಎಂದಳು. ಅವನು ಹಾಕಿದ. ಇನ್ನೂ ಎಂದಳು. ಪಕ್ಕದ ಹೆಂಗಸರು ತಲೆ ತಗ್ಗಿಸಿ ತಮ್ಮ ಅನ್ನ ಕಲಸುತ್ತಿದ್ದರು. ಜಲಜಾ ಹಾಲ್‌ನ ಈ ತುದಿಯಲ್ಲಿದ್ದ ಗಂಡನನ್ನೇ ನೋಡುತ್ತ ಮೊದಲ ತುತ್ತು ಬಾಯಿಗಿಟ್ಟಳು, ಅಗಿದಳು, ನುಂಗಿದಳು, ಎರಡನೆಯದನ್ನು ಎತ್ತಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಸಿಹಿಯೊಂದೇ ತಿಳಿಯುತ್ತಿದೆ, ಉಳಿದದ್ದನ್ನು ತನ್ನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದಾಳೆ ಎಂದು ರಘುನಂದನನಿಗೆ ಅರ್ಥವಾಯಿತು. ಹೋಗಿ ಎಲೆಯನ್ನು ಎಳೆದು ಬಿಸಾಡಬೇಕು. ತಿನ್ನಬೇಡ ಜಲಜಾ, ಕೊಳೆತಿದೆ, ನನಗೆ ಗೊತ್ತಿತ್ತು. ಒಂದು ಹೆಜ್ಜೆ ಇಟ್ಟೂ ಇಟ್ಟ. ಅಷ್ಟರಲ್ಲಿ ಹೆಗಲ ಮೇಲೆ ವಿಠಲರಾಯರ ಭಾರವಾದ ಕೈ ಬಿತ್ತು.

"ಮಹಂತೇಶರೇ, ಇವರನ್ನು ನೀವು ನೋಡ್ಬೇಕು ಅಂತಿದ್ರಲ್ಲ. ರಘುನಂದನ್, ನಮ್ಮ ಫೈನಾನ್ಸ್ ಮ್ಯಾನೇಜರ್. ಇನ್ನು ಲೆಕ್ಕದ್ದು ಎಂತ ಇದ್ರೂ ಇವರ ಹತ್ರವೇ."

ರಘುನಂದನ ತಿರುಗಿದ. ಕೈಗಳು ತಾವಾಗಿ ಜೋಡಿಸಿಕೊಂಡವು.

"ಭಾಳ ಸಂತೋಷ್ರಿ," ಎಂದರು ಮಹಂತೇಶ್. ತಮ್ಮ ಎಲೆಯನ್ನು ಎಲ್ಲರಿಗಿಂತ ಬಿಗಿಯಾಗಿ ಮಡಿಚಿದವರು ಅವರೇ. "ಊಟ ಭಾರಿ ಆತು. ಹಯಗ್ರೀವಂತೂ ಊರಾಗ ಉಂಡಂಗ ಆತ್ ನೋಡ್ರಿ."

"ನಮ್ಮ ಮನೆಯವರೇ ಮಾಡಿದ್ದು ಸರ್," ಎಂದು ರಘುನಂದನ ಜಲಜಾಳ ಕಡೆ ಕೈ ತೋರಿಸಿದ.